ಪಂಚಮಿಗೆ ತವರಿಗೆ ಬಂದ ಕಾಗದಗಳು

೧೯೩೧ರ ಬೇಸಿಗೆಯಲ್ಲಿ ನಾನು ಸೊಲ್ಲಾಪುರದ ಒಂದು ಸಣ್ಣ ಗ್ರಂಥಾಲಯಕ್ಕೆ ಗ್ರಂಥಪಾಲನಾಗಿ ಸೇರಿದೆ. ಸಣ್ಣದೆಂದರೆ ನಿಜಕ್ಕೂ ಸಣ್ಣದು: ಗಿರಣಿಗೆ ಹೋಗುವ ರಸ್ತೆಯ ಮೇಲೆ ಎರಡು ಕೋಣೆ, ಒಂದು ಪಡಸಾಲೆ. ಗಿರಣಿಯ ಭೋಂಗಾ ಕೂಗಿದರೆ ಕಿಟಕಿಯ ಗಾಜು ಅದುರುತ್ತಿತ್ತು. ಕಾದಂಬರಿ ಕೇಳಿಕೊಂಡು ಬಂದವರು ಬರಿಗೈಯಲ್ಲಿ ಹೋಗುತ್ತಿದ್ದರು. ನಮ್ಮಲ್ಲಿದ್ದದ್ದು ಸೊಲ್ಲಾಪುರ ಮತ್ತು ಅಕ್ಕಲಕೋಟೆ ಸೀಮೆಯ ಇತಿಹಾಸ ಮಾತ್ರ. ಮೋಡಿ ಲಿಪಿಯ ಮರಾಠಿ ಪತ್ರಗಳು, ಕನ್ನಡದ ಕಡತಗಳು, ಅಲ್ಲೊಂದು ಇಲ್ಲೊಂದು ಫಾರಸಿ ಸನದು, ಊರುಗಳ ನಕ್ಷೆ, ಶಾಸನದ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚುಗಳು.

ನಾನು ಬಡೋದೆಗೆ ಹೋಗಿ ಗ್ರಂಥಾಲಯದ ಕೆಲಸ ಕಲಿತು ಬಂದವನು, ಆ ಹಮ್ಮು ತಲೆಯಲ್ಲಿ ಬೇಕಾದಷ್ಟಿತ್ತು. ನನ್ನ ಹಿಂದಿನವರು ಎಲ್ಲವನ್ನೂ ಗಾತ್ರದ ಪ್ರಕಾರ ಜೋಡಿಸಿದ್ದರು. ಉದ್ದನೆಯವು ಹಿಂದೆ, ಗಿಡ್ಡವು ಮುಂದೆ, ಸಾಲೆಯ ಹುಡುಗರನ್ನು ಡ್ರಿಲ್ಲಿಗೆ ನಿಲ್ಲಿಸಿದ ಹಾಗೆ. ನೋಡಲು ಚೆಂದ, ಹುಡುಕಲು ಹೋದರೆ ದೇವರೇ ಗತಿ. ನಾನು ಎಲ್ಲವನ್ನೂ ನೆಲಕ್ಕಿಳಿಸಿ ಕ್ಲಾಸಿಫಿಕೇಶನ್, ಅಂದರೆ ವರ್ಗೀಕರಣ, ಶುರುಮಾಡಿದೆ. ಪ್ರತಿ ಕಾಗದಕ್ಕೂ ಎರಡೇ ಪ್ರಶ್ನೆ: ಯಾವ ಊರಿನದು, ಯಾವ ವಿಷಯದ್ದು? ಊರಿಗೊಂದು ಅಕ್ಷರ, ವಿಷಯಕ್ಕೊಂದು ಅಂಕಿ. ಭೂಮಿ, ಕೆರೆ-ಬಾವಿ, ಗುಡಿ-ಮಠ-ದರ್ಗಾ, ನೇಕಾರಿಕೆ, ರೋಗರುಜಿನ, ಸಾಲೆ, ಹೀಗೆ. ನಮ್ಮ ಸೀಮೆಯಲ್ಲಿ ಊರಿನ ಪ್ರಶ್ನೆ ಬಹಳ ದೊಡ್ಡದು. ಆಗ ಸೊಲ್ಲಾಪುರ ಇಂಗ್ಲಿಷರದು, ಅಕ್ಕಲಕೋಟೆ ಬೇರೆ ಸಂಸ್ಥಾನ. ಒಂದೇ ರಸ್ತೆ ಹಿಡಿದು ಹೋದರೆ ನಡುವೆ ರಾಜ್ಯವೇ ಬದಲಾಗುತ್ತಿತ್ತು. ಎತ್ತಿಗೆ ಅದು ಗೊತ್ತಿರಲಿಲ್ಲ, ಕಾಗದಕ್ಕೆ ಗೊತ್ತಿರಬೇಕಿತ್ತು.

ಈ ಕೆಲಸಕ್ಕೆ ಜೀವ ಬಂದದ್ದು ಕುಂಭಾರಿಯ ಮಲಕಪ್ಪನವರ ಪೆಟ್ಟಿಗೆಯಿಂದ. ಮಲಕಪ್ಪನವರು ಜೋಳ ಬೆಳೆಯುವ ಒಕ್ಕಲು. ಅವರಿಗೆ ಹಳೆಯ ಕಾಗದದ ಹುಚ್ಚು. ಸಂತೆಗೆ ಹೋದರೆ ಎತ್ತಿನ ಹಗ್ಗದ ಜೊತೆ ಒಂದು ಕಡತ ತರುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಹೆಂಡತಿ ನೀಲವ್ವನವರು ಆ ಕಾಗದವೆಲ್ಲವನ್ನೂ ತೇಗದ ಪೆಟ್ಟಿಗೆಯ ಸಮೇತ ನಮ್ಮ ಗ್ರಂಥಾಲಯಕ್ಕೆ ಕೊಟ್ಟರು. ಮಕ್ಕಳಿರಲಿಲ್ಲ. ಮೈದುನ ಭೀಮಶಾನಿಗೆ ಅದಕ್ಕೆ ಒಂದಿಷ್ಟೂ ಮನಸ್ಸಿರಲಿಲ್ಲ. ಮನೆಯ ಕಾಗದ ಮಂದಿಯ ಕೈಗೆ ಹೋಗಬಾರದೆಂಬುದು ಅವನ ವಾದ. ಆದರೆ ಮನೆಯಲ್ಲಿದ್ದಾಗ ಅವನೇ ಅರ್ಧವನ್ನು ದನದ ಕೊಟ್ಟಿಗೆಯ ಅಟ್ಟಕ್ಕೆ ಎಸೆದು, ಗೆದ್ದಲಿಗೆ ಊಟ ಹಾಕಿದ್ದ. ನೀಲವ್ವನವರು ಮೈದುನನನ್ನು ಎದುರು ಹಾಕಿಕೊಂಡು ಉಳಿದದ್ದನ್ನು ನಮಗೆ ಒಪ್ಪಿಸಿದ್ದರು.

ಮೊದಲ ಮಳೆಗಾಲ ಶುರುವಾಗುವಷ್ಟರಲ್ಲಿ ನನ್ನ ಕೆಲಸ ಮುಗಿದಿತ್ತು. ಮಲಕಪ್ಪನವರ ಕಾಗದಗಳು ತಂತಮ್ಮ ಜಾಗ ಸೇರಿದ್ದವು. ಮಂದ್ರೂಪದ್ದು ಮಂದ್ರೂಪದ ಕಪಾಟಿಗೆ, ಕಂದಲಗಾಂವದ್ದು ಕಂದಲಗಾಂವದ ಕಪಾಟಿಗೆ, ಅಕ್ಕಲಕೋಟೆ ದರಬಾರಿನ ಹುಕುಮುಗಳು ಸಂಸ್ಥಾನದ ಕಪಾಟಿಗೆ. ಖಾಲಿ ಪೆಟ್ಟಿಗೆಯಲ್ಲಿ ನಾನು ಕಸಬರಿಗೆ, ಒರೆಸುವ ಅರಿವೆ ಇಟ್ಟಿದ್ದೆ. ಅದೇ ಹೊತ್ತಿಗೆ ಒಂದು ಬೆಳಿಗ್ಗೆ ನೀಲವ್ವನವರು ಭೀಮಶಾನನ್ನು ಕರೆದುಕೊಂಡು ಬಂದಿಳಿದರು.

ನೇರವಾಗಿ ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳ ತೆಗೆದರು. ಒಳಗಿದ್ದ ಕಸಬರಿಗೆಯನ್ನು ಎತ್ತಿ ನೆಲಕ್ಕಿಟ್ಟರು.

"ಕಾಗದ ಎಲ್ಲ್ಯಾವ್ರೀ ಮಾಸ್ತರ?"

ನಾನು ಉತ್ಸಾಹದಿಂದ ಕಪಾಟಿನಿಂದ ಕಪಾಟಿಗೆ ಕರೆದೊಯ್ದು ತೋರಿಸಿದೆ. ಇದು ನಿಮ್ಮದು, ಇದೂ ನಿಮ್ಮದು, ಇಗೋ ಇಲ್ಲೊಂದು. ಅವರಿಗೆ ಓದು ಬಾರದು. ಆದರೆ ಗಂಡ ಮಡಚಿದ ಮಡಿಕೆ, ಕಟ್ಟಿದ ದಾರ ಗುರುತಿತ್ತು. ನಾಲ್ಕನೆಯ ಕಪಾಟಿಗೆ ಬರುವಷ್ಟರಲ್ಲಿ ಅವರ ಕಣ್ಣು ತುಂಬಿ ಬಂದಿತ್ತು.

"ಎಲ್ಲಾ ದಿಕ್ಕಿಗೊಂದು ಆಗಿ ಹೋದುವಲ್ಲೋ ಯಪ್ಪಾ. ಒಂದೇ ಕಡೆ ಇದ್ವು, ಹತ್ತ ಕಡೆ ಮಾಡಿಟ್ರಿ."

ಭೀಮಶಾ ಕಾಯುತ್ತಿದ್ದವನಂತೆ ಹೇಳಿದ: "ನಾ ಅವತ್ತ ಹೇಳಿದ್ದಿಲ್ಲೇನ್ ವೈನಿ? ಪ್ಯಾಟಿ ಮಂದಿ ಕೈಯಾಗ ಕೊಟ್ರ ಹಿಂಗಾ ಆಗ್ತದ. ಬಂಡಿ ಬಾಗಲಾಗ ಐತಿ. ಎಲ್ಲಾ ತುಂಬಕೊಂಡ ಹೋಗೂಣು."

ಆ ಕಾಗದಗಳು ಹೋದರೆ ನಮ್ಮ ಗ್ರಂಥಾಲಯದ ಅರ್ಧ ಜೀವ ಹೋದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಅವು ತಿರುಗಿ ಅದೇ ಕೊಟ್ಟಿಗೆಯ ಅಟ್ಟಕ್ಕೆ ಹೋಗುತ್ತವೆ. ದಾನವೆಂದು ಬರೆಸಿಕೊಂಡ ಕಾಗದವೇನೂ ನಮ್ಮ ಹತ್ತಿರ ಇರಲಿಲ್ಲ. ಕೇಳಿದರೆ ಕೊಡಲೇಬೇಕು. ವರ್ಗೀಕರಣ ಏಕೆ ಬೇಕು, ಕಂದಲಗಾಂವದ ಬಾವಿಯ ಬಗ್ಗೆ ಕೇಳಿ ಬಂದವನಿಗೆ ಅದು ಹೇಗೆ ಒಂದೇ ಕಡೆ ಸಿಗುತ್ತದೆ, ಎಲ್ಲವನ್ನೂ ವಿವರಿಸಿದೆ. ನಾನು ಮಾಡಿದ್ದು ಸರಿಯೇ ಆಗಿತ್ತು, ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಸರಿಯಾದದ್ದನ್ನು ಕೇಳಿ ಅವರ ಕಣ್ಣೀರು ನಿಲ್ಲಲಿಲ್ಲ. ಕಡೆಗೆ ತಾಳ್ಮೆ ಕೆಟ್ಟು ನನ್ನ ಬಾಯಿಂದ ಒಂದು ಮಾತು ಬಿತ್ತು.

"ಅವ್ವಾರ, ಕೊಟ್ಟ ಹೆಣ್ಣ ಕುಲಕ್ಕ ಹೊರಗ ಅಂತಾರ. ಕೊಟ್ಟ ಮ್ಯಾಲ ಹಿಂಗ ತಿರುಗಿ ಕೇಳೂದು ಹೆಂಗ?"

ಮಕ್ಕಳಿಲ್ಲದ ಹೆಂಗಸಿಗೆ ಆಡುವ ಮಾತಲ್ಲ. ನಾಲಗೆ ಕಚ್ಚಿಕೊಂಡೆ. ನೀಲವ್ವನವರು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. ಸಿಟ್ಟಾಗುತ್ತಾರೆಂದು ತಿಳಿದರೆ ಅವರ ಧ್ವನಿಗೆ ಎಲ್ಲಿಂದಲೋ ಗಟ್ಟಿತನ ಬಂದಿತ್ತು.

"ಹೌದ್ರಿ, ಹೆಣ್ಣ ಕೊಟ್ಟೀನಿ. ಹಂಗಾರ ಪಂಚಮಿಗೆ ತವರಿಗೆ ಕಳಸ್ರಿ. ಪಂಚಮಿಗೆ ಕರಿಯಾಕ ಬಂದ್ರ ಯಾವ ಬೀಗರು ಒಲ್ಲೆ ಅಂತಾರ?"

ನನ್ನ ಬಲೆಯಲ್ಲಿ ನಾನೇ ಬಿದ್ದಿದ್ದೆ. ನಮ್ಮ ಕಡೆ ನಾಗರ ಪಂಚಮಿಗೆ ಮಗಳನ್ನು ತವರಿಗೆ ಕಳಿಸದ ಮನೆಯವರನ್ನು ಊರೇ ಆಡಿಕೊಳ್ಳುತ್ತದೆ. ಭೀಮಶಾ ಖಾಲಿ ಬಂಡಿಯನ್ನು ತಿರುಗಿಸಲು ಹೊರಗೆ ಹೋದ. ಹಾಗೆ ಒಪ್ಪಂದವಾಯಿತು. ಕಾಗದ ಕಪಾಟುಗಳಲ್ಲೇ ಇರಬೇಕು, ವರ್ಷಕ್ಕೊಮ್ಮೆ ಪಂಚಮಿಯ ದಿನ ಎಲ್ಲವೂ ಆ ಪೆಟ್ಟಿಗೆಗೆ ಬರಬೇಕು, ನೀಲವ್ವನವರು ಬಂದು ನೋಡಬೇಕು, ಸಂಜೆ ಅವು ತಿರುಗಿ ತಂತಮ್ಮ ಕಪಾಟಿಗೆ. ಪೆಟ್ಟಿಗೆಯೇ ತವರು.

ನಮ್ಮ ಗ್ರಂಥಾಲಯದ ಅಧ್ಯಕ್ಷರು ಒಬ್ಬ ವಕೀಲರು. ಮನೆಯಲ್ಲಿ ಮರಾಠಿ, ಕಕ್ಷಿದಾರರ ಜೊತೆ ಕನ್ನಡ. ಸುದ್ದಿ ಕೇಳಿ ಕನ್ನಡಕ ತೆಗೆದಿಟ್ಟರು.

"ಅಹೋ ಮಾಸ್ತರ, ಗ್ರಂಥಾಲಯ ನಡಸಾಕತ್ತೀರೋ, ಬೀಗತನ ಮಾಡಾಕತ್ತೀರೋ?" ಎಂದವರು ಸ್ವಲ್ಪ ಯೋಚಿಸಿ, "ಚಾಲೇಲ್, ನಡೀತದ. ಆದ್ರ ಒಂದು ಕಾಗದಾನೂ ಹೊಸ್ತಿಲ ದಾಟಬಾರದು. ಕಾಯದಾ ಅಂದ್ರ ಕಾಯದಾ" ಎಂದರು.

ಹೀಗೆ ನನ್ನ ಪಂಚಮಿಯ ರಜೆ ಹಾಳಾಯಿತು. ಹೆಂಡತಿ ಮಂದ್ರೂಪದ ತವರಿನಲ್ಲಿ ಜೋಕಾಲಿ ಜೀಕುತ್ತಿದ್ದರೆ ನಾನು ಇಲ್ಲಿ ಕಪಾಟು ಕಪಾಟಿನಿಂದ ಕಡತ ಇಳಿಸುತ್ತಿದ್ದೆ. ಮೊದಲ ವರ್ಷ ಗೊಣಗಿಕೊಂಡೇ ಮಾಡಿದೆ. ನೀಲವ್ವನವರು ಶೇಂಗಾದ ಉಂಡಿ, ಜೋಳದ ಅರಳು ತಂದಿದ್ದರು. ತಿನ್ನುವ ಪದಾರ್ಥ ಒಳಗೆ ತಂದರೆ ಇರುವೆ, ಇರುವೆಯ ಹಿಂದೆ ಮತ್ತೊಂದು. ಬುಟ್ಟಿಯನ್ನು ಕಟ್ಟೆಯ ಮೇಲೆ ಇಡಿಸಿದೆ. ಅವರು ನಕ್ಕು, "ಬೀಗರು ಭಾಳ ಕಡಕ್ ಅದಾರ" ಎಂದರು. ಮಧ್ಯಾಹ್ನದವರೆಗೆ ಪೆಟ್ಟಿಗೆಯ ಮುಂದೆ ಕೂತು ಒಂದೊಂದನ್ನೇ ಮುಟ್ಟಿ, ಇದು ಅವರು ಯಾವ ಸಂತೆಯಿಂದ ತಂದದ್ದು, ಆ ದಿನ ತಾವು ಎಷ್ಟು ಬೈದದ್ದು, ಎಲ್ಲ ಹೇಳಿದರು.

ಎರಡನೆಯ ವರ್ಷದಿಂದ ನನ್ನ ಗೊಣಗಾಟ ನಿಂತಿತು. ಗ್ರಂಥಾಲಯಗಳಲ್ಲಿ ಸ್ಟಾಕ್ ವೆರಿಫಿಕೇಶನ್ ಎಂದೊಂದು ಕೆಲಸವಿದೆ. ವರ್ಷಕ್ಕೊಮ್ಮೆ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಇದೆಯೋ ಇಲ್ಲವೋ ನೋಡುವುದು. ಎಲ್ಲರೂ ಮುಂದೂಡುವ ಕೆಲಸ. ನಾನು ಮುಂದೂಡುವಂತಿರಲಿಲ್ಲ, ಪಂಚಮಿ ಯಾರಿಗೂ ಕಾಯುವುದಿಲ್ಲ. ತಪ್ಪು ಕಪಾಟಿಗೆ ಹೋದ ಕಾಗದ ಆ ದಿನ ಸಿಕ್ಕಿಬೀಳುತ್ತಿತ್ತು, ಹುಳ ಹತ್ತಿದ್ದು ಕಣ್ಣಿಗೆ ಬೀಳುತ್ತಿತ್ತು. ಅದಕ್ಕಿಂತ ದೊಡ್ಡ ಲಾಭ ಮತ್ತೊಂದು. ಎರಡು ಸರಕಾರಗಳ ಗಡಿಯ ಮೇಲಿನ ಒಂದು ಕೆರೆಯ ಜಗಳದ ಪತ್ರ ಸೊಲ್ಲಾಪುರದ ಕಪಾಟಿನಲ್ಲಿತ್ತು, ಅದಕ್ಕೆ ಬಂದ ಉತ್ತರ ಅಕ್ಕಲಕೋಟೆಯ ಕಪಾಟಿನಲ್ಲಿತ್ತು. ನೀಲವ್ವನವರು ಮಡಿಕೆ, ದಾರ ಗುರುತಿಸಿ ಹೇಳಿದಂತೆ ಪೆಟ್ಟಿಗೆಯಲ್ಲಿ ಮಲಕಪ್ಪನವರು ಇಟ್ಟ ಹಾಗೆ ಇಟ್ಟಾಗ ಅವೆರಡೂ ಒಂದರ ಪಕ್ಕ ಒಂದು ಬಂದು ಕೂತವು. ನನ್ನ ಕ್ರಮದಲ್ಲಿ ಅವು ಎಂದೂ ಭೇಟಿಯಾಗುತ್ತಿರಲಿಲ್ಲ. ಅಂದಿನಿಂದ ಪ್ರತಿ ಕಾಗದದ ವಿವರ ಬರೆದಿಡುವ ಕಾರ್ಡಿನ ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆದೆ: ಯಾರ ಮನೆಯಿಂದ ಬಂದದ್ದು.

ಹೀಗೆ ವರ್ಷಗಳು ಕಳೆದವು. ೧೯೩೭ರ ಪಂಚಮಿಯ ಬೆಳಿಗ್ಗೆ ಪೆಟ್ಟಿಗೆ ತುಂಬಿ ಕಾಯುತ್ತಿದ್ದೆ. ಬಂಡಿಯಿಂದ ಭೀಮಶಾ ಒಬ್ಬನೇ ಇಳಿದ. ಒಳಗೆ ಬಂದು ಪೆಟ್ಟಿಗೆಯನ್ನು ನೋಡಿ, ರುಮಾಲು ಕೈಯಲ್ಲಿ ಹಿಡಿದು ನಿಂತ.

"ವೈನಿ ಹಾಸಗಿ ಬಿಟ್ಟ ಏಳಾಂಗಿಲ್ರಿ ಮಾಸ್ತರ. ಬೆಳಗಿನಿಂದ ಒಂದಾ ಹಟ, ಪೆಟಗಿ ಪೆಟಗಿ ಅಂತಾಳ. ಒಂದ ದಿವಸ ಕಳಸ್ರಿ. ನಾ ಜಿಮ್ಮೇದಾರ."

ಒಂದು ಕಾಲಕ್ಕೆ ಎಲ್ಲವನ್ನೂ ಬಂಡಿಗೆ ತುಂಬಲು ಬಂದಿದ್ದವನು ಇವತ್ತು ಬೇಡಿಕೊಳ್ಳುತ್ತಿದ್ದ. ನಾನು ಅವನನ್ನು ಕರೆದುಕೊಂಡೇ ವಕೀಲರ ಮನೆಗೆ ಹೋದೆ. ವಕೀಲರು ಎಲ್ಲ ಕೇಳಿ ಹೊರಗೆ ಮೋಡವನ್ನು ನೋಡಿದರು.

"ತವರಿನವರು ಕರಿಯಾಕ ಬಂದಾರ, ಕಳಸಲಿಲ್ಲಂದ್ರ ಮಂದಿ ಏನಂದಾರು? ನೀವೂ ಸಂಗಟ ಹೋಗ್ರಿ. ಸಂಜೀಕ ಕರಕೊಂಡ ಬರ್ರಿ. ಮ್ಯಾಲ ಕಂಬಳಿ ಹೊಚ್ಚರಿ, ತೊಯ್ಸಿಗೀಯ್ಸೀರಿ."

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಪೆಟ್ಟಿಗೆಗೆ ಎರಡು ಕಂಬಳಿ ಹೊದಿಸಿ ಕುಂಭಾರಿಗೆ ಹೋದೆವು. ನೀಲವ್ವನವರು ಹೊರಸಿನ ಮೇಲೆ ಹಣ್ಣಾಗಿ ಮಲಗಿದ್ದರು. ಪೆಟ್ಟಿಗೆಯನ್ನು ಹೊರಸಿನ ಪಕ್ಕಕ್ಕೆ ಇಟ್ಟು ಮುಚ್ಚಳ ತೆಗೆದಾಗ ಎದ್ದು ಕೂತರು. ಒಂದೊಂದನ್ನೂ ಮುಟ್ಟಿದರು. ಆಮೇಲೆ ಭೀಮಶಾನ ಕಡೆಗೆ ಕೈ ಮಾಡಿದರು. ಅವನು ಒಳಗಿನಿಂದ ಒಂದು ಬುಟ್ಟಿ ತಂದಿಟ್ಟ. ಅದರಲ್ಲಿ ಹೊಸ ಖಣಗಳು, ಕುಪ್ಪಸ ಹೊಲಿಸುವ ಅಂಚಿನ ಅರಿವೆ. ಜೊತೆಗೆ ಹೆಣ್ಣುಮಕ್ಕಳ ಉಡಿ, ಅಂದರೆ ಮಡಿಲು, ತುಂಬುವ ಅಕ್ಕಿ, ಅರಿಷಿಣ ಕೊಂಬು.

"ತವರಿಗೆ ಬಂದಾವ, ಬರೇ ಉಡೀಲೆ ಕಳಸಬಾರದು" ಎಂದು ಒಂದೊಂದು ಕಡತವನ್ನು ಒಂದೊಂದು ಖಣದಲ್ಲಿ ಸುತ್ತಿ, ಒಂದು ಚಿಟಿಕೆ ಅಕ್ಕಿ, ಒಂದು ಕೊಂಬು ಇಟ್ಟು ಗಂಟು ಹಾಕತೊಡಗಿದರು. ನಡುವೆ ನನ್ನ ಕಡೆ ನೋಡಿ ಹೇಳಿದರು: "ಗಂಡ ಹೋದಾಕಿ ನಾ. ನನ್ನ ಕೈಲೆ ಉಡಿ ತುಂಬಿಸ್ಕೋಳಾಕ ಯಾರ ಬರ್ತಾರ್ರೀ ಮಾಸ್ತರ? ಇವು ಒಲ್ಲೆ ಅನ್ನೂದಿಲ್ಲ."

ಅಕ್ಕಿ ಇಟ್ಟರೆ ಹುಳ ಬರುತ್ತದೆ. ನನ್ನ ವೃತ್ತಿಯ ಮೊದಲ ಪಾಠ ಅದು. ಆದರೂ ಆ ದಿನ ಗಂಟುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಟ್ಟೆ.

ಸಂಜೆ ಗ್ರಂಥಾಲಯಕ್ಕೆ ತಿರುಗಿ ಬಂದು ಗಂಟುಗಳನ್ನು ಬಿಚ್ಚಿದೆ. ಬಣ್ಣ ಬಿಟ್ಟೀತೆಂದು ಒಳಗೊಂದು ಬಿಳಿ ಕಾಗದ ಹಾಕಿ, ಖಣವನ್ನು ಹಾಗೇ ಸುತ್ತಿ ಕಪಾಟಿಗಿಟ್ಟೆ. ಅರಿಷಿಣವನ್ನೂ ಒಳಗೇ ಬಿಟ್ಟೆ, ಅದಿದ್ದರೆ ಹುಳ ಹತ್ತುವುದಿಲ್ಲ. ಅಕ್ಕಿಯನ್ನು ಮಾತ್ರ ಕೂಡಿಸಿ ಕರವಸ್ತ್ರದಲ್ಲಿ ಕಟ್ಟಿ ಮನೆಗೆ ತಂದೆ. ಎಸೆಯಲು ಮನಸ್ಸಾಗಲಿಲ್ಲ, ಬೇಯಿಸಲೂ ಮನಸ್ಸಾಗಲಿಲ್ಲ. ಹಬ್ಬ ಮುಗಿಸಿ ಮಂದ್ರೂಪದಿಂದ ಬಂದ ಹೆಂಡತಿ ಗಂಟು ನೋಡಿ ಕೇಳಿದಳು. ಎಲ್ಲ ಹೇಳಿದೆ. ಅವಳು ಗಂಟನ್ನು ದೇವರ ಮುಂದೆ ಇಟ್ಟಳು. ಆಮೇಲೆ, "ನಾಳೆ ಕುಂಭಾರಿಗೆ ಕರಕೊಂಡ ಹೋಗ್ರಿ ನನ್ನ" ಎಂದಳು.

ಮರುದಿನ ನನ್ನ ಹೆಂಡತಿ, ಹಣೆ ತುಂಬ ಕುಂಕುಮ ಇಟ್ಟುಕೊಂಡು, ಆ ಅಕ್ಕಿಯ ಗಂಟನ್ನು ನೀಲವ್ವನವರ ಕೈಗೆ ಕೊಟ್ಟು, ಹೊರಸಿನ ಮುಂದೆ ಕೂತು ಸೆರಗು ಒಡ್ಡಿದಳು.

"ಬ್ಯಾಡ ಮಗಳಾ. ಮಂದಿ ಏನಂತಾರ?" ಎಂದರು ನೀಲವ್ವ.

"ಮಂದಿ ತವರಿಗೆ ಬಂದಿಲ್ಲವ್ವಾ. ನಾ ಬಂದೀನಿ."

ಭೀಮಶಾ ಮುಖ ತಿರುಗಿಸಿಕೊಂಡು ಹೊರಗೆ ಹೋದ. ನೀಲವ್ವನವರು ಅತ್ತುಕೊಂಡೇ, ಐದು ಸಲ, ನನ್ನ ಹೆಂಡತಿಯ ಉಡಿ ತುಂಬಿದರು.

ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ನಾನು ನಿವೃತ್ತನಾಗುವವರೆಗೂ ಪ್ರತಿ ಪಂಚಮಿಗೆ ಪೆಟ್ಟಿಗೆ ತುಂಬಿದೆ, ಅರ್ಧ ನನ್ನ ಕೆಲಸಕ್ಕಾಗಿ, ಅರ್ಧ ಅವರ ಋಣಕ್ಕಾಗಿ. ಊರು, ವಿಷಯ ಎಂಬ ಎರಡು ಪ್ರಶ್ನೆಗಳನ್ನು ನನಗೆ ಬಡೋದೆ ಕಲಿಸಿತ್ತು. ಯಾರ ಮನೆಯದು ಎಂಬ ಮೂರನೆಯದನ್ನು ಕಲಿಸಿದವರು ನೀಲವ್ವ. ಕೊಟ್ಟವರ ಕೈ ಕೊಟ್ಟ ಕಾಗದವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ, ಬಿಡಿಸುವುದು ಗ್ರಂಥಪಾಲನ ಕೆಲಸವೂ ಅಲ್ಲ. ಅದಕ್ಕೇ ಮುಂದೆ ಯಾರೇ ಕಡತ ಹೊತ್ತು ತಂದರೂ, ಅದನ್ನು ಕೈಯಲ್ಲಿ ತೆಗೆದುಕೊಳ್ಳುವ ಮೊದಲು ನಾನು ಕೇಳುತ್ತಿದ್ದದ್ದು ಒಂದೇ ಮಾತು: "ಮತ್ತ ನೋಡಾಕ ಯಾವಾಗ ಬರ್ತೀರಿ?"