ಲಂಗದ ಅಳತೆ

ಏಳನೇ ತರಗತಿಯ ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ನಿಲ್ಲಿಸಿ, ಸೊಂಟದಿಂದ ಹಿಮ್ಮಡಿವರೆಗೆ ದಾರ ಹಿಡಿದು ಅಳೆದ. "ಅಲುಗಾಡಬ್ಯಾಡವ್ವ" ಅಂದ. ಶಾಲೆಗೆ ಹೊಸ ಲಂಗ ಹೊಲಿಸುತ್ತಾನೆಂದು ನಮ್ಮೂರು ಕಣೇಕಲ್ಲಿನ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದೆ.

ವಾರ ಕಳೆದ ಮೇಲೆ ನನ್ನನ್ನು ರಾಯದುರ್ಗದ ಅತ್ತೆಯ ಮನೆಯಲ್ಲಿ ಬಿಟ್ಟ. "ಸಾಲಿ ತೆರೆದ ಕೂಡ್ಲೆ ಬರ್ತೀನಿ" ಎಂದು ಬಸ್ಸು ಹತ್ತಿದ.

ಅಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳು ಸಾಲಾಗಿದ್ದವು. ಒಂದರ ಪೆಡಲಿಗೆ ಮಾತ್ರ ಮರದ ತುಂಡು ಕಟ್ಟಿತ್ತು. ಯಾಕೆಂದು ಕೇಳಿದೆ.

"ನಿನ್ನ ಕಾಲು ಎಟುಕಬೇಕಲ್ಲ? ಹೋದ ವಾರ ನಿಮ್ಮಪ್ಪನೇ ಬಂದು, ದಾರದ ಅಳತಿ ಹಿಡಿದು ಕಟ್ಟಿ ಹೋಗ್ಯಾನ" ಅಂದಳು ಅತ್ತೆ.

ಕೂತೆ. ಕಾಲು ಸರಿಯಾಗಿ ಎಟುಕಿತು.

ಇಷ್ಟು ವರ್ಷ ಹೊಲಿದು ಹೊಲಿದು ಅಪ್ಪನ ಮೇಲಿನ ಸಿಟ್ಟೂ ದಣಿದಿದೆ. ಆದರೆ ಅವತ್ತು ಅಳತೆ ತಪ್ಪಬಾರದೆಂದು ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.