ಎದ್ದು ಕೇಳಿದ ಟೈಲರ್ ಅಜ್ಜ

ನಮ್ಮ ಗಣಿ ಊರು ವಡ್ಡುವಿನಲ್ಲಿ ಎದುರು ಮನೆಯ ಟೈಲರ್ ಅಜ್ಜ ಹರೆಯದಲ್ಲಿ ಬರ್ಮಾದ ಮಿಲಿಟರಿ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದವರು. ರೇಷನ್ ಅಂಗಡಿಯಿರಲಿ, ಪಂಚಾಯಿತಿಯಿರಲಿ, ದೂರು ಹೇಳಿದ ಮೇಲೆ "ಬರಕೊಳ್ರಿ" ಎನ್ನದೆ ಕದಲುತ್ತಿರಲಿಲ್ಲ.

ಗಣಿ ಲಾರಿಗಳ ಧೂಳು ಊರನ್ನೆಲ್ಲ ಕೆಂಪಾಗಿಸಿದ ವರ್ಷ, ಗ್ರಾಮಸಭೆಯಲ್ಲಿ ಅವರೊಬ್ಬರೇ ಎದ್ದರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಸಾಲಿ ಮುಂದ ಲಾರಿ ಬ್ಯಾಡ್ರಿ. ಮಕ್ಕಳು ಭಾಳ ಕೆಮ್ಮಾಕತ್ತಾವ. ಬರಕೊಳ್ರಿ."

"ಕುಂದ್ರಲೇ ಮುದುಕಾ!" ಎಂದು ಲಾರಿ ಮಾಲೀಕನೊಬ್ಬ ಗದರಿದ. ಕಾರ್ಯದರ್ಶಿ ಬರೆದುಕೊಳ್ಳುವವರೆಗೂ ಅಜ್ಜ ಕೂರಲಿಲ್ಲ.

ಲಾರಿಗಳೇನೂ ನಿಲ್ಲಲಿಲ್ಲ, ಶಾಲೆ ಬಿಡುವ ಹೊತ್ತಿಗೆ ಮಾತ್ರ ಪಂಚಾಯಿತಿಯವರು ಅವನ್ನು ಊರಾಚೆ ತಡೆಯತೊಡಗಿದರು.

"ಇಷ್ಟಕ್ಕ ಯಾಕ ಒದ್ದಾಡಿದ್ರಿ, ಅಜ್ಜಾರ?" ಎಂದೆ.

ಅವರು ಹೊಲಿಗೆ ಮಿಷನ್ ನಿಲ್ಲಿಸಿದರು. "ಬರ್ಮಾದಾಗ ನಮ್ಮಣ್ಣ ಹಿಂಗ ಎದ್ದು ಕೇಳಿದ್ದನಪ್ಪ. ತಿರುಗಿ ಮನಿಗೆ ಬರಲಿಲ್ಲ. ಇಲ್ಲೆ ನಾನು ಎದ್ದು ಕೇಳಿ, ಮನಿಗೆ ಬಂದು, ಉಂಡು, ನಿದ್ದಿ ಮಾಡೀನಿ."