ಬಚ್ಚಲಿಗೆ ಹೋದ ಬಿಸಿ

ಕಳೆದ ವಾರ ನಮ್ಮ ಮನೆಯಲ್ಲಿ ಮುಷ್ಕರ ನಡೆಯಿತು. ಅದೂ ಬಾಣಂತಿ ಸ್ನಾನದ ನಡುವೆ!

ಮುಷ್ಕರ ಹೂಡಿದವಳು ನಾಗಮ್ಮ. ನನ್ನ ಮಗಳಿಗೆ ಹೆರಿಗೆಯಾಗಿ ಹದಿನೈದು ದಿನ. ಎಣ್ಣೆ ತಿಕ್ಕಿ, ಹಬೆಯಾಡುವ ನೀರು ಹೊಯ್ಯುವವರು ಸಿರ್ಸಿಯಲ್ಲಿ ಈಗ ಎಲ್ಲಿದ್ದಾರೆ? (ಡಾಕ್ಟರ್ ಬೇಕಾದರೆ ಸಿಗುತ್ತಾರೆ.) ಅಂಥ ನಾಗಮ್ಮ ಚೊಂಬು ಕೆಳಗಿಟ್ಟು ಹೊರಗೆ ಬಂದಳು.

"ಅಮ್ಮಾ, ಬೆನ್ನಿಗೆ ಹೊಯ್ಯೂದ್ರೊಳಗೆ ಗೀಜರ್ ನೀರು ತಣ್ಣಗಾಗ್ತದೆ. ಬಾಣಂತಿ ನಡುಗ್ತದೆ. ಹಿಂಗೇ ಆದ್ರೆ ನಾ ಬರೂದಿಲ್ಲ."

ಒಳಗೆ ಮಗಳು ಟವೆಲ್ ಸುತ್ತಿಕೊಂಡು ನಡುಗುತ್ತಿದ್ದಳು. ನನಗೆ ಅಳುವೇ ಬಂತು. ಇನ್ನೊಂದು ಗೀಜರ್ ಹಾಕೋಣವೆಂದರೆ ವೈರಿಂಗ್ ಹಳೆಯದು. ಮಿಕ್ಸಿ ತಿರುಗಿಸಿದರೇ ಫ್ಯೂಸ್ ಮುನಿಸಿಕೊಳ್ಳುತ್ತದೆ. ಮಹಡಿ ಮನೆಯಲ್ಲಿ ಹಂಡೆ ಹೂಡಿ ಬೆಂಕಿ ಹಾಕುವುದೆಲ್ಲಿ?

ಅಷ್ಟರಲ್ಲಿ ಅಂಗಳದಿಂದ ರಫೀಕ್ ಕರೆದ. ಯಲ್ಲಾಪುರ ರಸ್ತೆಯಲ್ಲಿ ಲಾರಿ ರೇಡಿಯೇಟರ್ ರಿಪೇರಿ ಮಾಡುವವನು. ನಮ್ಮ ಹಳೇ ಜೀಪು ನೋಡಲು ಬಂದವನು, ಜೀಪು ಬಿಟ್ಟು ಗೋಡೆಗುಂಟ ಇಳಿಯುವ ಬಚ್ಚಲ ಪೈಪ್ ಹಿಡಿದು ನಿಂತಿದ್ದ.

"ಗೀಜರ್ ಸಣ್ಣದಲ್ರಿ ಮೇಡಂ. ನಿಮ್ಮ ಬಿಸಿಯೆಲ್ಲಾ ಗಟಾರಕ್ಕೆ ಹೋಗ್ತದೆ. ಮುಟ್ಟಿ ನೋಡ್ರಿ."

ಮುಟ್ಟಿದೆ. ಪೈಪು ಬೆಚ್ಚಗಿತ್ತು. ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ಬಟ್ಟೆ ಒಣಗಿಸಿದ್ದೇನೆ. ಒಮ್ಮೆಯಾದರೂ ಮುಟ್ಟಿದ್ದೆನೇ?

ಮಾರನೇ ದಿನ ರಫೀಕ್ ಆ ಪೈಪನ್ನು ಒಂದಾಳುದ್ದ ಕತ್ತರಿಸಿ, ಅಲ್ಲಿ ತಾಮ್ರದ್ದು ಕೂರಿಸಿದ. ಅದರ ಮೈಗೆ ಸಪೂರ ತಾಮ್ರದ ನಳಿಗೆಯನ್ನು ಒತ್ತೊತ್ತಾಗಿ ಸುತ್ತಿ, ಬೆಸುಗೆ ಹಾಕಿ, ಮೇಲೆ ಗೋಣಿಚೀಲ ಕಟ್ಟಿದ. ಟ್ಯಾಂಕಿನ ತಣ್ಣೀರು ಇನ್ನು ಆ ನಳಿಗೆಯಲ್ಲಿ ಸುತ್ತಿಯೇ ಗೀಜರಿಗೆ ಹೋಗಬೇಕು. ಒಳಗೆ ಮಿಂದ ನೀರು ಇಳಿಯುತ್ತದೆ, ಹೊರಗೆ ಹೊಸ ನೀರು ಏರುತ್ತದೆ. ಒಂದನ್ನೊಂದು ಮುಟ್ಟುವುದಿಲ್ಲ. ಬಿಸಿ ಮಾತ್ರ ದಾಟುತ್ತದೆ.

"ಲಾರಿಯಲ್ಲಿ ಬಿಸಿ ಹೊರಗೆ ಹಾಕ್ತೀವಿ. ಇಲ್ಲಿ ವಾಪಸ್ ತಗೋತೀವಿ. ಅಷ್ಟೇ ರೀ."

ಅಷ್ಟೇ ಅಂತೆ!

ಆದರೆ ನಮ್ಮಮ್ಮ ಒಪ್ಪಬೇಕಲ್ಲ? ಎಂಬತ್ತು ದಾಟಿದ ಆಕೆ ಮಡಿ-ಮೈಲಿಗೆ ವಿಷಯದಲ್ಲಿ ಸುಪ್ರೀಂ ಕೋರ್ಟು.

"ಬಚ್ಚಲಿಗೆ ಹೋದ ನೀರಿನ ಬಿಸಿ ಬಾಣಂತಿಗೆ ಹಾಕ್ತ್ರನೇ ನಿಂಗ?" ಎಂದು ಗುಡುಗಿದಳು. (ಸಂಡಾಸಿನ ಪೈಪ್ ಬೇರೆಯೇ ಇದೆ ಎಂದು ಮೂರು ಸಲ ತೋರಿಸಿದೆ.) ಕೊನೆಗೆ, "ಒಂದು ದಿನ ನೋಡು, ಆಮೇಲೆ ಹೇಳು" ಎಂದೆ. ಅದೇ ಮಾತು ಹೇಳಿ ನಾಗಮ್ಮನನ್ನೂ ಕರೆತಂದೆ.

ಮರುದಿನ ಬೆಳಿಗ್ಗೆ ಮಹಡಿಯಲ್ಲಿ ಸ್ನಾನ ಶುರುವಾಯಿತು. ಅಮ್ಮ ಅಂಗಳಕ್ಕಿಳಿದು, ಕೈಯೆತ್ತಿ ಗೋಣಿಗಿಂತ ಮೇಲೆ ಪೈಪು ಮುಟ್ಟಿದಳು. ಬಿಸಿ. ಬಗ್ಗಿ ಗೋಣಿಯ ಕೆಳಗೆ ಮುಟ್ಟಿದಳು. ಬಿಸಿ ಅರ್ಧಕ್ಕಿಳಿದಿತ್ತು. ಗೀಜರಿಗೆ ಏರುವ ನಳಿಗೆ ಮುಟ್ಟಿದಳು. ಉಗುರುಬೆಚ್ಚಗೆ! ಒಂದು ಹನಿ ನೀರೂ ಆಚೀಚೆ ಆಗದೆ, ಮಗಳ ಮೈಯಿಂದ ಜಾರಿದ ಬಿಸಿ ಮತ್ತೆ ಮಗಳ ಮೈಗೇ ಹೊರಟಿತ್ತು. ನನಗೆ ಮೈ ಜುಮ್ಮೆಂದಿತು. ಜೀವಮಾನವಿಡೀ ನೀರು ಕಾಯಿಸಿದವಳು ನಾನು. ಬಿಸಿಗೆ ಇಂಥ ದಾರಿಯಿದೆಯೆಂದು ನನಗೇಕೆ ತಿಳಿಯಲಿಲ್ಲ?

ಕಿಟಕಿಯಿಂದ ನಾಗಮ್ಮನ ದನಿ: "ಬೆನ್ನಾಯ್ತು, ಸೊಂಟಾನೂ ಆಯ್ತು! ಇನ್ನೂ ಬಿಸಿ ಬರ್ತಾನೇ ಅದೆ ಅಮ್ಮಾ!" ಹಿಂದೆಯೇ ಮಗಳ ನಗು. ಹೆರಿಗೆಯಾದ ಮೇಲೆ ಬಚ್ಚಲಿಂದ ನಗು ಕೇಳಿದ್ದು ಅದೇ ಮೊದಲು.

ಅಮ್ಮ ಇನ್ನೊಮ್ಮೆ ನಳಿಗೆ ಮುಟ್ಟಿದಳು. ಆಮೇಲೆ ತೀರ್ಪು ಬಂತು: "ಹಂಡೆ ಬುಡಕ್ಕೆ ಎಂತೆಂತ ಕಸ ಉರಿಸಿದ್ದು! ಒಳಗಿನ ನೀರಿಗೆ ಮೈಲಿಗೆ ಆಜಿಲ್ಲೆ. ಇದೂ ಹಂಗೇಯ."

ಗೆದ್ದೆ ಎಂದುಕೊಂಡೆ. ಆದರೆ ಅಮ್ಮ ನಳಿಗೆಯಿಂದ ಕೈ ತೆಗೆಯಲಿಲ್ಲ. "ನಿಂಗ ಹೆಣ್ಮಕ್ಕಳ ನಾಲ್ಕು ಬಾಣಂತನಕ್ಕೆ ನಾನೇ ಬೆಟ್ಟದಿಂದ ಗಾಡಿಗಟ್ಟಲೆ ಕಟ್ಟಿಗೆ ತರ್ಸಿದ್ದಿ" ಎಂದಳು. ಮತ್ತೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಹಂಗಾರೆ ಮಗಳೇ, ನಮ್ಮನೆ ಬಚ್ಚಲು ಎಷ್ಟು ಬೆಟ್ಟ ಕುಡದಿಕ್ಕು?"